ಕಾಯುವ ವಿದ್ಯೆ

ಮೂರು ದಿನಗಳಲ್ಲಿ ಒಂದು ವಿದ್ಯೆಯನ್ನು ಕಲಿಸುವೆವೆಂದು ಯಾರಾದರೂ ಸಾರಿದರೆ ಹಿರಿಯರು ನಗುವುದು ಸಹಜ. ಸಂಗೀತದಲ್ಲಿ ಸರಳೆ, ಜಂಟಿವರಸೆಗಳೇ ವರ್ಷವೊಂದನ್ನು ನುಂಗುತ್ತವೆ. ಆದರೂ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1990ರಲ್ಲಿ ಸ್ಥಾಪಿತವಾದ ಇ.ಪಿ.ಸಿ.ಸಿ. ಎಂಬ ಗಣನಕೇಂದ್ರವು, ಸಾವಿರಾರು ಗಣಕಗಳು ಒಟ್ಟುಗೂಡಿ ಒಂದೇ ಲೆಕ್ಕವನ್ನು ಮಾಡುವ ಸೂಪರ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಬಗೆಯನ್ನು ಎರಡು ಮೂರು ದಿನಗಳ ಪಾಠಗಳಲ್ಲಿ ಬಹುಕಾಲದಿಂದ ಹೇಳಿಕೊಡುತ್ತ ಬಂದಿದೆ.

ಅಂತಹ ಒಂದು ಪಾಠಕ್ಕೆ ಕೆಲವು ವರ್ಷಗಳ ಕೆಳಗೆ ಕನ್ನಡನಾಡಿನ ತರುಣನೊಬ್ಬನು ಹೋಗಿ ಕುಳಿತನು. ಅವನು ಆ ದೇಶದ ಮತ್ತೊಂದು ಊರಿನಲ್ಲಿ ಸಂಶೋಧನೆ ನಡೆಸುತ್ತಿದ್ದವನು. ಹೊಳೆಯ ನೀರು ಸೇತುವೆಯ ಕಂಬವನ್ನು ಬಳಸಿ ಹರಿಯುವಾಗ ಅದರ ಹಿಂದೆ ಏಳುವ ಸುಳಿಗಳ ಲೆಕ್ಕವೇ ಅವನ ವಿಷಯ. ಪ್ರವಾಹಗಳ ಇಂತಹ ಲೆಕ್ಕಕ್ಕಾಗಿಯೇ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿದುದನ್ನು ವಾಚಕರು ಇಲ್ಲಿ ನೆನೆಯಬಹುದು. ತರುಣನು ಮೂರು ವರ್ಷ ದುಡಿದು ಹನ್ನೆರಡು ರೇಖಾಚಿತ್ರಗಳನ್ನು ಸಿದ್ಧಪಡಿಸಿದ್ದನು. ಪ್ರಬಂಧವನ್ನು ಒಪ್ಪಿಸಲು ಎರಡು ತಿಂಗಳು ಮಾತ್ರ ಉಳಿದಿದ್ದುವು. ಕೊನೆಯದಾಗಿ ಒಂದು ದೊಡ್ಡ ಲೆಕ್ಕ ಬೇಗನೆ ಮುಗಿಯಬೇಕಾಗಿದ್ದಿತು. ಅವನು ಬೇಡಿಬಂದುದು ವೇಗವೊಂದನ್ನೇ.

2021ರಲ್ಲಿ ಸೇವೆಗೆ ಬಂದ ಅಲ್ಲಿನ ಆರ್ಚರ್ 2 ಯಂತ್ರದಲ್ಲಿ 5,860 ಘಟಕಗಳು; ಒಂದೊಂದರಲ್ಲಿಯೂ ಲೆಕ್ಕಮಾಡುವ 128 ಕೋರುಗಳು; ಒಟ್ಟು 7,50,080. ಇಷ್ಟು ಆಳುಗಳಿದ್ದರೆ ಕೆಲಸವೂ ಅಷ್ಟು ಮಡಿ ಬೇಗ ಆಗಬೇಡವೆ? ಆಗದೆಂಬುದನ್ನು ಅಮೆರಿಕದ ಜೀನ್ ಅಮ್ಡಾಲ್ 1967ರಲ್ಲಿಯೇ ತೋರಿಸಿದ್ದನು. ಮದುವೆಯ ಮನೆಯಲ್ಲಿ ಐವತ್ತು ಜನ ಕುಳಿತು ತರಕಾರಿ ಹೆಚ್ಚಬಹುದು. ಆದರೆ ಹುಳಿಯು ಒಂದೇ ಕೊಪ್ಪರಿಗೆಯಲ್ಲಿ ತನ್ನ ಹೊತ್ತಿಗೆ ತಾನೇ ಕುದಿಯಬೇಕು. ಕೆಲಸದಲ್ಲಿ ಹಂಚಲಾಗದ ಭಾಗವು ನೂರರಲ್ಲಿ ಐದೇ ಆಗಿದ್ದರೂ, ಎಷ್ಟು ಲಕ್ಷ ಆಳುಗಳನ್ನು ಕರೆತಂದರೂ ವೇಗವು ಇಪ್ಪತ್ತು ಮಡಿಯನ್ನು ಮೀರದು. ಮೊದಲ ಗಂಟೆಯಲ್ಲಿಯೇ ತರುಣನ ಆಸೆ ಅರ್ಧ ಇಳಿಯಿತು.

ಬಹುಜನರು ಕೂಡಿ ಮಾಡುವ ಲೆಕ್ಕದ ಚಿತ್ರವನ್ನು ಯಂತ್ರಗಳು ಹುಟ್ಟುವ ಮೊದಲೇ ಕಂಡವನು ಲೂಯಿಸ್ ಫ್ರೈ ರಿಚರ್ಡ್‌ಸನ್. ಅವನು ಇದೇ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದಲ್ಲಿ 1913ರಿಂದ 1916ರವರೆಗೆ ಅಧಿಕಾರಿಯಾಗಿದ್ದವನು. ಗೋಳಾಕಾರದ ಮಹಾಮಂದಿರದಲ್ಲಿ 64,000 ಮಂದಿ ಕುಳಿತು, ಒಬ್ಬೊಬ್ಬನೂ ಭೂಮಿಯ ತನ್ನ ತುಂಡಿನ ಹವೆಯನ್ನು ಗಣಿಸುತ್ತಿರುವಂತೆ ಅವನು 1922ರ ತನ್ನ ಗ್ರಂಥದಲ್ಲಿ ಕಲ್ಪಿಸಿದನು. ನಡುಗಂಬದ ಮೇಲೆ ನಿಂತ ನಾಯಕನು ಮುಂದೋಡುವವರ ಮೇಲೆ ಗುಲಾಬಿ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರುವನು. ಅವಸರಪಡುವವನೂ ತಪ್ಪುಗಾರನೇ ಎಂಬುದು ಈ ಕಲ್ಪನೆಯ ಸೊಗಸು. ರಿಚರ್ಡ್‌ಸನ್ ತಾನೇ ಕೈಯಿಂದ ಗುಣಿಸಿ ನೋಡಿದ ಮುನ್ಸೂಚನೆಯೇನೋ ಪೂರ್ತಿ ತಪ್ಪಿತು.

ಮಧ್ಯಾಹ್ನದ ಅಭ್ಯಾಸ ಮಕ್ಕಳ ಆಟದಂತಿದ್ದಿತು. ಆಳುಗಳೆಲ್ಲ ವರ್ತುಲವಾಗಿ ನಿಂತಿರುವರೆಂದು ಭಾವಿಸಿ, ಪ್ರತಿಯೊಬ್ಬನೂ ತನ್ನ ಸಂಖ್ಯೆಯನ್ನು ಬಲಗಡೆಯವನಿಗೆ ಕಳುಹಿಸಿ ಎಡಗಡೆಯವನಿಂದ ಬಂದುದನ್ನು ಕೂಡಿಸಿಕೊಳ್ಳಬೇಕು. ಹೀಗೆ ಸಂದೇಶಗಳನ್ನು ಕಳುಹಿಸುವ ಕ್ರಮಕ್ಕೆ ಎಂ.ಪಿ.ಐ. ಎಂದು ಹೆಸರು, ಅದರ ಮೊದಲ ನಿಯಮಾವಳಿ 1994ರದು. ತರುಣನು ‘ಮೊದಲು ಕೊಡು, ಆಮೇಲೆ ತೆಗೆದುಕೋ’ ಎಂದು ಬರೆದನು. ಯಂತ್ರ ಸ್ತಬ್ಧವಾಯಿತು. ದೋಷವೆಂಬ ಸೂಚನೆಯಿಲ್ಲ, ಉತ್ತರವೂ ಇಲ್ಲ. ಕೊಟ್ಟುದನ್ನು ಕೈನೀಡಿ ತೆಗೆದುಕೊಳ್ಳುವವರೆಗೆ ಕೊಡುವವನು ಕಾಯಬೇಕೆಂಬುದು ಅಲ್ಲಿಯ ಕಟ್ಟಳೆ. ಎಲ್ಲರೂ ಕೊಡುತ್ತ ನಿಂತರೆ ತೆಗೆದುಕೊಳ್ಳುವವರಾರು? ಬಾಗಿಲಲ್ಲಿ ‘ತಾವು ಮೊದಲು’, ‘ಇಲ್ಲ, ತಾವು ಮೊದಲು’ ಎನ್ನುತ್ತ ನಿಂತ ಇಬ್ಬರು ಸಂಭಾವಿತರ ಸ್ಥಿತಿ ಅದು. ಸಂದೇಶವನ್ನು ಹೊರಡಿಸಿ, ಕಾಯದೆ ಎಡಗಡೆಯದನ್ನು ತೆಗೆದುಕೊಂಡು, ತನ್ನದು ತಲುಪಿತೆ ಎಂದು ಕೊನೆಗೆ ವಿಚಾರಿಸುವುದೇ ಪರಿಹಾರ. ಅವನು ನಕ್ಕು ತಿದ್ದಿದನು.

ಎರಡನೆಯ ದಿನದ ಪಾಠದಲ್ಲಿ ನಗು ಉಳಿಯಲಿಲ್ಲ. ಅಂದಿನ ವಿಷಯ 1997ರಲ್ಲಿ ಬಂದ ಓಪನ್ ಎಂ.ಪಿ. ಎಂಬ ಇನ್ನೊಂದು ಕ್ರಮ. ಇದರಲ್ಲಿ ಆಳುಗಳೆಲ್ಲರಿಗೂ ಒಂದೇ ಖಾತೆ. ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಖಾತೆಯನ್ನು ನೋಡಿ ನೂರೆಂದು ಓದಿಕೊಳ್ಳುತ್ತಾರೆ. ಒಬ್ಬನು ಹತ್ತು ಕೂಡಿಸಿ ನೂರ ಹತ್ತೆಂದೂ, ಮತ್ತೊಬ್ಬನು ಇಪ್ಪತ್ತು ಕೂಡಿಸಿ ನೂರಿಪ್ಪತ್ತೆಂದೂ ಬರೆಯುತ್ತಾರೆ. ಹಿಂದೆ ಬರೆದವನದೇ ನಿಲ್ಲುತ್ತದೆ; ಒಂದು ಮೊತ್ತ ಸದ್ದಿಲ್ಲದೆ ಮಾಯವಾಗುತ್ತದೆ. ಕೆಲವು ವೇಳೆ ಹೀಗಾಗದೆ ಉತ್ತರ ಸರಿಯಾಗಿಯೇ ಬರುವುದುಂಟು, ಭಯಪಡಬೇಕಾದುದು ಅದಕ್ಕೆ.

ತರುಣನ ಪ್ರೋಗ್ರಾಂ ಎಂಟು ಕೋರುಗಳಲ್ಲಿ ಇದೇ ಕ್ರಮದಿಂದ ಮೂರು ವರ್ಷ ನಡೆದಿದ್ದಿತು. ಉತ್ತರಗಳು ಒಂದೊಂದು ಸಲಕ್ಕೆ ಒಂದಿಷ್ಟು ಬದಲಾಗುವುದನ್ನು ಅವನು ಕಂಡಿದ್ದನು. ಕೂಡಿಸುವ ಅನುಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುವುದು ನ್ಯಾಯವೆಂದು ಸಮಾಧಾನ ತಂದುಕೊಂಡಿದ್ದನು. ಅದು ನಿಜ, ಆದರೆ ಹದಿನೈದನೆಯ ಹದಿನಾರನೆಯ ಅಂಕಿಯ ಮಾತು. ಆ ಸಂಜೆ ಎಲ್ಲರೂ ಎದ್ದುಹೋದ ಮೇಲೆ ತನ್ನ ಪ್ರೋಗ್ರಾಮನ್ನು ತೆರೆದು ಮೂರು ಸಲ ಓಡಿಸಿದನು. ಮೂರನೆಯ ಅಂಕಿಯೇ ಬೇರೆಬೇರೆಯಾಗಿದ್ದಿತು. ಒಂದೇ ಕೋರಿನಲ್ಲಿ ಓಡಿಸಿದಾಗ ಮೂರು ಸಲವೂ ಒಂದೇ ಉತ್ತರ.

ಮಾರನೆಯ ಬೆಳಗ್ಗೆ ಉಪಾಧ್ಯಾಯರು ಬಹಳ ಹೊತ್ತು ನೋಡಲಿಲ್ಲ. ಪ್ರತಿಯೊಬ್ಬ ಆಳಿಗೂ ಸ್ವಂತವಾಗಿರಬೇಕಾಗಿದ್ದ ಒಂದು ಸಂಖ್ಯೆಯನ್ನು ಎಲ್ಲರ ಸೊತ್ತಾಗಿ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟರು. ತಿದ್ದಲು ಬೇಕಾದುದು ಒಂದೇ ಪದ.

ಮೂರು ದಿನಗಳಲ್ಲಿ ಯಾರೂ ನಿಪುಣರಾಗರು. ಆ ಕೊಠಡಿಯಲ್ಲಿದ್ದ ಅನೇಕರು ತಿಂಗಳೊಳಗಾಗಿ ಅರ್ಧ ಮರೆತಿರಲೂಬಹುದು. ವ್ಯಾಕರಣವನ್ನು ಓದಿದ ಮಾತ್ರಕ್ಕೆ ಕಾವ್ಯ ಬಾರದು ಎಂಬ ಆಕ್ಷೇಪ ಇಲ್ಲಿಯೂ ಸಲ್ಲುತ್ತದೆ. ಆದರೆ ವ್ಯಾಕರಣವನ್ನು ಓದಿದವನಿಗೆ ತನ್ನ ಹಳೆಯ ಬರೆಹವನ್ನು ಓದಿಕೊಳ್ಳುವುದು ಮಾತ್ರ ಕಷ್ಟವಾಗುತ್ತದೆ.

ಗುರುಗಳಿಗೆ ಕಾಗದವನ್ನು ಅವನು ಹಿಂದಿರುಗುವ ರೈಲಿನಲ್ಲಿಯೇ ಬರೆದನು. ಮೂರು ಸಲ ಬರೆದು ಮೂರು ಸಲ ಅಳಿಸಿ, ಕೊನೆಗೆ ಯಾವ ನೆಪವನ್ನೂ ಹೇಳದೆ ಕಳುಹಿಸಿದನು. ಉತ್ತರ ಎರಡೇ ಸಾಲಿನದು: ಹಳೆಯ ಚಿತ್ರಗಳನ್ನು ಎಸೆಯಬೇಡ, ಹೊಸವುಗಳ ಜೊತೆಯಲ್ಲಿ ತೆಗೆದುಕೊಂಡು ಬಾ. ಲೆಕ್ಕಗಳನ್ನೆಲ್ಲ ಮೊದಲಿನಿಂದ ಮಾಡಿದಾಗ ಹನ್ನೆರಡರಲ್ಲಿ ನಾಲ್ಕು ಚಿತ್ರಗಳು ಬಿದ್ದುಹೋದುವು. ಪ್ರಬಂಧ ಆರು ತಿಂಗಳು ತಡವಾಯಿತು.