ಎರಡೇ ಒತ್ತಿನ ಊರು

2001ರ ಮಳೆಗಾಲದ ಮಾತಿದು. ಅದಕ್ಕೂ ಮುಂಚೆ ನಮ್ಮ ಕಡೆ ಟೀವಿ ಗೇಮ್ ಅಂದರೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಯಾರಾದರೂ ತಂದುಕೊಟ್ಟ ಒಂದು ಡಬ್ಬಿ. ಕ್ಯಾಸೆಟ್ಟಿಗೆ ಉಫ್ ಅಂತ ಊದಿ ಸಿಕ್ಕಿಸಿದರೆ ಮಾರಿಯೊ, ಇಲ್ಲವೇ ಕಾಂಟ್ರಾ. ಆ ಡಬ್ಬಿ 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಹಾಸ್ಟೆಲಿಗೆ ಸೇರಿದ ಮೇಲೆ, ತೀರ್ಥಹಳ್ಳಿ ಕಡೆಯ ರೂಂಮೇಟ್ ಹೇಳಿದಾಗ. ಮಾತಿಗೊಮ್ಮೆ ‘ಮಾರಾಯ’ ಅನ್ನುತ್ತಿದ್ದುದರಿಂದ ಅವನ ಹೆಸರೇ ಮಾರಾಯ ಆಗಿಹೋಗಿತ್ತು.

ಒಂದು ರಾತ್ರಿ ಅವನು ಎಮ್ಯುಲೇಟರ್‌ನಲ್ಲಿ, ಅಂದರೆ ಟೀವಿ ಗೇಮುಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಪ್ರೋಗ್ರಾಮಿನಲ್ಲಿ, ಫೈನಲ್ ಫ್ಯಾಂಟಸಿ 5 ಹಾಕಿದ. 1992ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಬಂದ ಆಟ. ಇಂಗ್ಲಿಷ್‌ನಲ್ಲಿ ಬರಲಿಲ್ಲವೆಂದು ಕಾದೂ ಕಾದೂ ಬೇಸತ್ತ ಅಭಿಮಾನಿಗಳೇ ಆರ್‌ಪಿಜಿಇ ಅಂತ ಗುಂಪು ಕಟ್ಟಿಕೊಂಡು 1998ರಲ್ಲಿ ಅನುವಾದ ಮುಗಿಸಿದ್ದರು. ಆಟ ಮಾಡಿದ ಕಂಪನಿಯ ಇಂಗ್ಲಿಷ್ ಬಂದದ್ದು ಅದರ ಮರುವರ್ಷ. ಅಭಿಮಾನಿಗಳು ಹಂಚಿದ್ದು ಆಟವನ್ನಲ್ಲ, ಎಲ್ಲೆಲ್ಲಿ ಏನೇನು ಬದಲಾಗಬೇಕು ಎಂಬುದಷ್ಟೇ ಇದ್ದ ಪುಟ್ಟ ಪ್ಯಾಚ್ ಫೈಲನ್ನು.

“ಅವರು ಇಂಗ್ಲಿಷಿಗೆ ಮಾಡಿದ್ರು. ನಾವು ಕನ್ನಡಕ್ಕೆ ಯಾಕೆ ಮಾಡಬಾರ್ದು ಮಾರಾಯ?”

ಹಿಡಿದದ್ದು ಫ್ಯಾಮಿಕಾಮ್‌ನ ಒಂದು ರಾಜ-ರಾಕ್ಷಸರ ಆಟವನ್ನು. ಅದರ ಇಂಗ್ಲಿಷ್ ಆವೃತ್ತಿಯೂ ಇತ್ತು, ಹಾಗಾಗಿ ಮಾತು ತಿಳಿಯುವುದಕ್ಕೆ ತೊಂದರೆಯಿರಲಿಲ್ಲ. ತೊಂದರೆ ಕೊಟ್ಟದ್ದು ಜಾಗ. ಆ ಯಂತ್ರದ ಪರದೆಯೆಂದರೆ ಅಡ್ಡಕ್ಕೆ 32, ಉದ್ದಕ್ಕೆ 30 ಮನೆಗಳು. ಒಂದೊಂದು ಮನೆಗೂ 8×8 ಚುಕ್ಕಿ. ಹಿನ್ನೆಲೆಗೆ ಒಮ್ಮೆಗೆ ಸಿಗುವುದು 256 ಚಿತ್ರ. ಮರ, ಗೋಡೆ, ನೀರು, ಅಕ್ಷರ ಎಲ್ಲ ಅದರಲ್ಲೇ ಹಂಚಿಕೊಳ್ಳಬೇಕು. ಕನ್ನಡದ ಬರೀ ಕಾಗುಣಿತವೇ ಅದನ್ನು ಮೀರುತ್ತದೆ. ಆದ್ದರಿಂದ ಮೊದಲ ಊರಿನ ಮಾತುಗಳನ್ನಷ್ಟೇ ತೆಗೆದುಕೊಂಡು, ಅವುಗಳಿಗೆ ಬೇಕಾದ ಅಕ್ಷರಗಳನ್ನಷ್ಟೇ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತುಂಬುತ್ತ ಕೂತೆವು. ರ, ದ, ಗ ತಕರಾರಿಲ್ಲದೆ ಕೂತವು. ಮ, ಯ ಎರಡೆರಡು ಮನೆ ಕೇಳಿದವು.

ಸಿಕ್ಕಿಕೊಂಡದ್ದು ಒತ್ತಕ್ಷರದಲ್ಲಿ. ಇಂಗ್ಲಿಷ್ ಆವೃತ್ತಿಯಲ್ಲಿ ಸಾಲಿನ ಕೆಳಗೇ ಮುಂದಿನ ಸಾಲು, ನಡುವೆ ಉಸಿರಾಡಲೂ ಜಾಗವಿಲ್ಲ. ಎಂಟು ಚುಕ್ಕಿಯ ಎತ್ತರದಲ್ಲೇ ಅಕ್ಷರವನ್ನೂ ಒತ್ತನ್ನೂ ತುರುಕಿದರೆ ‘ಕತ್ತಿ’ ಎನ್ನುವುದು ಸತ್ತ ಇರುವೆಗಳ ಹಾಗೆ ಕಾಣುತ್ತಿತ್ತು.

ಆಗ ಮಾರಾಯ ಜಪಾನಿ ಆವೃತ್ತಿ ತೆರೆದ. ನನಗೆ ಒಂದಕ್ಷರವೂ ಗೊತ್ತಿಲ್ಲ. ಅವನು ಪರದೆಗೆ ಬೆರಳಿಟ್ಟು, “ಸಾಲಿನ ಮಧ್ಯ ನೋಡು” ಅಂದ. ಪ್ರತಿ ಸಾಲಿನ ಮೇಲೂ ಒಂದು ಸಾಲು ಖಾಲಿ! ಜಪಾನಿಯಲ್ಲಿ ‘ಕ’ ಬರೆದು ತಲೆಯ ಪಕ್ಕ ಎರಡು ಗೀಟು ಎಳೆದರೆ ‘ಗ’; ‘ಹ’ಕ್ಕೆ ಒಂದು ಸುತ್ತು ಇಟ್ಟರೆ ‘ಪ’. ಎಂಟು ಚುಕ್ಕಿಯೊಳಗೆ ಅದು ಹಿಡಿಸದು ಅಂತ ಆ ಗುರುತಿಗೆಂದೇ ಮೇಲೊಂದು ಸಾಲು ಬಿಟ್ಟಿದ್ದರು. ಅವರಿಗೆ ಮೇಲೆ ಬೇಕಾದದ್ದು ನಮಗೆ ಕೆಳಗೆ ಬೇಕು, ಅಷ್ಟೇ.

ಫ್ಯಾಮಿಕಾಮ್‌ನ ಪ್ರೊಸೆಸರ್ 6502 ಜಾತಿಯದು. ಲ್ಯಾಬಿನಲ್ಲಿ 8085 ಕಿಟ್ಟಿಗೆ ಹೆಕ್ಸ್ ಕೋಡ್ ಕುಟ್ಟಿ ಕೈ ಪಳಗಿದ್ದವರಿಗೆ ಅದೇನೂ ಪರದೇಶಿ ಅನ್ನಿಸಲಿಲ್ಲ. ಸಾಲಿಗೆ 32 ಮನೆ ಇರುವುದರಿಂದ ಮೇಲಿನ ಮನೆಗೆ ಹೋಗಲು 32 ಕಳೆಯಬೇಕು, ಕೆಳಗಿನ ಮನೆಗೆ ಇಳಿಯಲು 32 ಕೂಡಬೇಕು. ಕಳೆಯುವ ಜಾಗ ಹುಡುಕುವುದಕ್ಕೆ ಬೆಳಗಿನ ಜಾವದ ತನಕ ಹಿಡಿಯಿತು. ಸಿಕ್ಕಿತು: 38 ಇ9 20, ಹೆಕ್ಸ್‌ನಲ್ಲಿ ‘32 ಕಳೆ’. ಮಾರಾಯ ಅದನ್ನು ‘32 ಕೂಡು’ ಎನ್ನುವ 18 69 20 ಮಾಡಿದ; ದಶಕ ತರುವ ಹಾಗೆ ಮುಂದಿದ್ದ ಇನ್ನೊಂದು ಇ9 ಅನ್ನೂ 69 ಮಾಡಿದ. ಆಟ ಶುರು ಮಾಡಿದರೆ ಜಪಾನಿ ಗೀಟುಗಳೆಲ್ಲ ಅಕ್ಷರಗಳ ಕಾಲಬುಡಕ್ಕೆ ಬಂದು ಬಿದ್ದಿದ್ದವು. ನಾವಿಬ್ಬರೂ ಕೂಗಿದ ಕೂಗಿಗೆ ಪಕ್ಕದ ರೂಮಿನವರು ಗೋಡೆ ಗುದ್ದಿದರು.

ಆದರೆ ಜಪಾನಿ ಗುರುತುಗಳು ಇರುವುದೇ ಎರಡು. ಅಂದರೆ ನಮಗೂ ಎರಡೇ ಒತ್ತು. ಜಗಳವಾಡಿ ತ ಒತ್ತು, ಲ ಒತ್ತು ಇಟ್ಟುಕೊಂಡೆವು. ಅಲ್ಲಿಗೆ ಆ ಊರಿನಿಂದ ಅಮ್ಮ, ಅಪ್ಪ, ಅಕ್ಕ ಎಲ್ಲರೂ ಹೊರಟುಹೋದರು. ರಾಕ್ಷಸ ಭೂತನಾದ. ಚಿನ್ನ ಹೋಗಿ ಹಣವಾಯಿತು. ಹಳ್ಳಿ ಊರಾಯಿತು. ಅಜ್ಜನನ್ನು ಬಿಡಲು ಮನಸ್ಸಾಗದೆ ತಾತ ಮಾಡಿದೆವು.

ಬೆಳಗ್ಗೆ ಮೆಸ್ಸಿನ ಹುಡುಗ ಚಾ ತಂದ. ಅಂಗಡಿಯವನ ಮಾತು ಪರದೆಯ ಮೇಲಿತ್ತು. ಅವನು ಬಗ್ಗಿ, ಕೂಡಿಸಿಕೊಂಡು ಗಟ್ಟಿಯಾಗಿ ಓದಿದ: “ಕತ್ತಿ ಇಲ್ಲಿದೆ. ಬೇಕಾ?”

ಮಾರಾಯ ನನ್ನ ತೊಡೆ ಹಿಂಡಿದ. ಹುಡುಗ ಮಾತ್ರ ನಮ್ಮ ಕಡೆ ತಿರುಗಿ, “ರೇಟೇ ಹೇಳಿಲ್ವಲ್ಲಣ್ಣ, ಯಾರು ತಗೋತಾರೆ?” ಅಂದ.

ಮೂಲದಲ್ಲಿ ಬೆಲೆ ಇತ್ತು. ಆದರೆ ಆಟದ ಫೈಲಿನಲ್ಲಿ ಒಂದು ಮಾತು ಮುಗಿದ ಮರುಬೈಟಿಗೇ ಮುಂದಿನ ಮಾತು ಶುರುವಾಗುತ್ತದೆ. ಉದ್ದ ಬರೆದರೆ ಪಕ್ಕದವನ ಮಾತನ್ನು ನುಂಗುತ್ತದೆ. ಹಾಗಾಗಿ ಬೆಲೆಯನ್ನು ಕತ್ತರಿಸಿದ್ದೆವು. ಹುಡುಗ ಟ್ರೇ ಹಿಡಿದು ಅಲ್ಲೇ ನಿಂತ. ‘ಇಲ್ಲಿದೆ’ ತೆಗೆದು, ‘ಕತ್ತಿ 60. ಬೇಕಾ?’ ಅಂತ ಸೇರಿಸಿ ಮತ್ತೆ ಓಡಿಸಿದೆವು.

“ಅರವತ್ತಾ? ಜಾಸ್ತಿ ಆಯ್ತು” ಅಂದವನೇ ಕೀಬೋರ್ಡಿಗೆ ಕೈ ಚಾಚಿ, ‘ಬೇಡ’ ಆರಿಸಿ ಮುಂದಿನ ರೂಮಿಗೆ ಹೊರಟ. ಪರೀಕ್ಷೆ, ಪ್ರಾಜೆಕ್ಟ್ ಅಂತ ನಮ್ಮ ಕನ್ನಡ ಆ ಊರಿನ ಬಾಗಿಲು ದಾಟಲೇ ಇಲ್ಲ. ಆದರೆ ನಮ್ಮ ಅಂಗಡಿಗೆ ಗಿರಾಕಿ ಬಂದಿರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.