ಬೂದಿಕೋಟೆಯಿಂದ ಚಿತ್ರಸಂತೆಗೆ

ಬಂಗಾರಪೇಟೆಯಿಂದ ದಕ್ಷಿಣಕ್ಕೆ ಹತ್ತು ಹದಿನೈದು ಕಿಲೋಮೀಟರು ಸಾಗಿದರೆ ಬೂದಿಕೋಟೆ ಸಿಕ್ಕುತ್ತದೆ. ಒಂದು ಊರಿನ ಹೆಸರಿನಲ್ಲಿ ಬಂಗಾರ, ನೆರೆಯ ಊರಿನ ಹೆಸರಿನಲ್ಲಿ ಬೂದಿ! ಬಂಗಾರಪೇಟೆಯೆಂಬುದು ಈಚಿನ ಹೆಸರು. ಬ್ರಿಟಿಷ್ ಕಮಿಷನರ್ ಬೌರಿಂಗನ ನೆನಪಿಗಾಗಿ ಅದು ಬಹುಕಾಲ ಬೌರಿಂಗ್‌ಪೇಟೆಯಾಗಿತ್ತು. ಬೂದಿಕೋಟೆಯಾದರೋ ಅದಕ್ಕಿಂತ ಹಳೆಯ ನೆಲೆ. 1720ರ ಆಸುಪಾಸಿನಲ್ಲಿ ಹೈದರಾಲಿ ಹುಟ್ಟಿದ್ದು ಇಲ್ಲಿಯೇ. ಶಿರಾದ ನವಾಬನ ಸೇವೆಯಲ್ಲಿದ್ದ ಫತೇ ಮಹಮ್ಮದನ ಆ ಮಗ ಮುಂದೆ ಮೈಸೂರು ರಾಜ್ಯವನ್ನೇ ಆಳಿದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಸೇನೆಯನ್ನು ಮುರಿದ ಕಾಳಗದ ಚಿತ್ರವಿದೆ. ಬೂದಿಕೋಟೆಯ ಕೂಸು ಅಲ್ಲಿ ಆನೆ ಕುದುರೆಗಳ ನಡುವೆ ರಾರಾಜಿಸುತ್ತಾನೆ. ನೋಡುವವರೆಲ್ಲರೂ ಹೈದರನ ಹೆಸರನ್ನೂ ಟಿಪ್ಪುವಿನ ಹೆಸರನ್ನೂ ಹೇಳುತ್ತಾರೆ. ಅದನ್ನು ಬರೆದ ಕೈಗಳ ಹೆಸರನ್ನು ಹೇಳುವವರಿಲ್ಲ. ಅರಸನ ಗೋಡೆ, ಅರಸನ ಬಣ್ಣ, ಅರಸನ ಸಂಬಳ; ಅಂಥಲ್ಲಿ ಚಿತ್ರಗಾರನು ತನ್ನ ಬೆಲೆಯನ್ನು ತಾನೇ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಈಗ ಆ ಪ್ರಮೇಯ ಬಂದಿದೆ. ಬೂದಿಕೋಟೆಯ ಕಡೆಯ ಒಬ್ಬ ಚಿತ್ರಗಾರನಿಗೆ ಅದು ಬಂದದ್ದು 2025ರ ಜನವರಿ 5ರಂದು, ಬೆಂಗಳೂರಿನ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ.

ಆತ ಶಾಲೆಯಲ್ಲಿ ಕಲೆ ಕಲಿತವನಲ್ಲ. ತಂದೆಯ ಕೈಕೆಳಗೆ ಅಂಗಡಿಗಳ ಹಲಗೆ ಬರೆಯುತ್ತ ಬೆಳೆದವನು. ಬಂಗಾರಪೇಟೆಯ ಬೀದಿಗಳಲ್ಲಿ, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ, ಹಳ್ಳಿಗಳ ಶಾಲೆಯ ಗೋಡೆಗಳಲ್ಲಿ ತಂದೆ ಮಗ ಇಬ್ಬರ ಕುಂಚವೂ ಓಡಾಡಿತ್ತು. ಗಣಿಯ ಸೀಮೆಯೆಂದರೆ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ನಾಲ್ಕೂ ಕೂಡಿ ಬಾಳುವ ಸೀಮೆ. ನಾಲ್ಕು ಲಿಪಿಗಳನ್ನೂ ಅಳತೆ ತಪ್ಪದೆ ಬರೆಯಬಲ್ಲವನಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ಅನಂತರ ಫ್ಲೆಕ್ಸ್ ಬಂತು. ಮೂರು ದಿನ ಬರೆಯುವ ಹಲಗೆಯನ್ನು ಯಂತ್ರವು ಅರ್ಧ ಗಂಟೆಯಲ್ಲಿ ಉಗುಳತೊಡಗಿತು. ಹಲಗೆಯ ಕೆಲಸ ನಿಂತ ಮೇಲೆ ಆತ ಕ್ಯಾನ್‌ವಾಸಿನ ಮೇಲೆ ತನಗೆ ಬೇಕಾದುದನ್ನು ಬರೆಯತೊಡಗಿದ: ಮಾರ್ಕಂಡೇಯ ಜಲಾಶಯದ ಸಂಜೆ, ಕೋಟೆಯ ಬಂಡೆಗಳ ನಡುವಣ ಮೇಕೆಗಳು, ನಿಂತುಹೋದ ಗಣಿಯ ಬಾಯಿ. ಬರೆದುದನ್ನು ಗೋಡೆಗೆ ಆನಿಸಿಟ್ಟ. ಗೋಡೆ ತುಂಬಿತು. ಕೊಳ್ಳುವವರು ಯಾರು?

ನಗರದ ಕಲಾ ಗ್ಯಾಲರಿಗಳಿಗೆ ತಮ್ಮದೇ ಆದ ಕ್ರಮವುಂಟು. ಅವರು ಕಲಾವಿದನನ್ನು ಆರಿಸಿಕೊಳ್ಳುತ್ತಾರೆ, ಅವನ ಪರವಾಗಿ ಮಾತನಾಡುತ್ತಾರೆ, ಶ್ರೀಮಂತ ಗಿರಾಕಿಗಳಿಗೆ ಪರಿಚಯಿಸುತ್ತಾರೆ. ಮಾರಾಟವಾದ ಹಣದಲ್ಲಿ ಮೂರನೆಯ ಒಂದು ಪಾಲನ್ನೋ ಅರ್ಧವನ್ನೋ ಇಟ್ಟುಕೊಳ್ಳುವುದು ವಾಡಿಕೆ. ಅದನ್ನು ಅನ್ಯಾಯವೆನ್ನಲಾಗದು, ದೀಪಕ್ಕೂ ಗೋಡೆಗೂ ಪ್ರಚಾರಕ್ಕೂ ಖರ್ಚುಂಟು. ಆದರೆ ಆರಿಸಿಕೊಳ್ಳುವವರ ಕಣ್ಣಿಗೆ ಬೀಳಲು ಕಲಾಶಾಲೆಯ ಪದವಿ, ಗೆಳೆಯರ ಬಳಗ, ಇಂಗ್ಲಿಷ್ ಮಾತು ಇವೆಲ್ಲ ಬೇಕಾಗುತ್ತವೆ. ಬಾಡಿಗೆಗೆ ಸಭಾಂಗಣ ಹಿಡಿದು ಪ್ರದರ್ಶನ ಮಾಡೋಣವೆಂದರೆ, ಚೌಕಟ್ಟು ಹಾಕಿಸುವುದರಲ್ಲಿಯೇ ಹಲಗೆ ಬರೆಯುವವನ ವರ್ಷದ ಉಳಿತಾಯ ಕರಗಿಹೋಗುತ್ತದೆ. ಇಂಥವರಿಗಾಗಿ ಹುಟ್ಟಿಕೊಂಡದ್ದು ಚಿತ್ರಸಂತೆ.

ಶನಿವಾರ ಮಧ್ಯಾಹ್ನವೇ ಆತ ಹೊರಟ. ಹನ್ನೊಂದು ಚಿತ್ರಗಳು, ಪ್ರತಿಯೊಂದಕ್ಕೂ ಹಳೆಯ ಸೀರೆಯ ಹೊದಿಕೆ. ‘ಸೀರೆಗಳನ್ನಾದರೂ ಹಿಂದಕ್ಕೆ ತನ್ನಿ’ ಎಂದು ಹೆಂಡತಿ ನಕ್ಕಳಂತೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪದಿಂದ ಬರುವ ರೈಲು ನಿಲ್ಲುತ್ತದೆ. ಈ ಕವಲು ದಾರಿ ಹುಟ್ಟಿದ್ದು ಗಣಿಯ ಸಲುವಾಗಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅದು ಜನರನ್ನು ಬೆಂಗಳೂರಿನ ಕೂಲಿಗೆ ಹೊತ್ತೊಯ್ಯುವ ದಾರಿಯಾಯಿತು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದವರ ಮಕ್ಕಳು ಈಗ ನಸುಕಿನಲ್ಲಿ ಎದ್ದು ರೈಲು ಹಿಡಿದು, ರಾತ್ರಿ ಮನೆ ಸೇರುತ್ತಾರೆ. ಟೇಕಲ್ಲಿನ ಬಳಿ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ಮಾಲೂರಿನ ಹೆಂಚು ಇಟ್ಟಿಗೆಗಳ ಕೆಂಪು, ಆ ಮೇಲೆ ವೈಟ್‌ಫೀಲ್ಡಿನ ಎತ್ತರದ ಕಟ್ಟಡಗಳು. ಕಿಟಕಿಯ ಪಕ್ಕದಲ್ಲಿ ಕುಳಿತ ಚಿತ್ರಗಾರನಿಗೆ ಇವಾವುವೂ ಅಂದು ಕಾಣಲಿಲ್ಲ. ಕಾಲುಗಳ ನಡುವೆ ನಿಲ್ಲಿಸಿಕೊಂಡ ಕ್ಯಾನ್‌ವಾಸಿಗೆ ಯಾರ ಮೊಣಕಾಲು ತಗಲುವುದೋ ಎಂಬ ಚಿಂತೆಯೊಂದೇ. ರಾತ್ರಿ ಕೃಷ್ಣರಾಜಪುರದ ನೆಂಟರ ಮನೆಯಲ್ಲಿ ಕಳೆಯಿತು.

ಕುಮಾರಕೃಪಾ ರಸ್ತೆಗೆ ಆ ಹೆಸರು ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ನಿವಾಸದಿಂದ. ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಗಣಿಗೆ ಹರಿಸುವ ಸಾಹಸಕ್ಕೆ ಕೈಯಿಟ್ಟವರು ಅವರೇ. 1902ರಲ್ಲಿ ದೀಪ ಹತ್ತುವ ವೇಳೆಗೆ ಅವರು ಇರಲಿಲ್ಲ. ಗಣಿಯ ನಾಡಿನ ಚಿತ್ರಗಾರ ತನ್ನ ಸರಕನ್ನು ಆ ದಿವಾನರ ಮನೆಯ ಹಾದಿಯಲ್ಲಿಯೇ ಇಳಿಸಿದನೆಂಬುದು ಒಂದು ಸೊಗಸಾದ ಆಕಸ್ಮಿಕ. ಇದೇ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. 1960ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಬೆವರು ಸುರಿಸಿ ಬೆಳೆಸಿದವರು ಎಂ. ಎಸ್. ನಂಜುಂಡರಾಯರು. ಮೈಸೂರು ಸಂಪ್ರದಾಯದ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಊರೂರು ಅಲೆದು ಹುಡುಕಿ ಉಳಿಸಿದ ಪುಣ್ಯ ಅವರದು. ರೋರಿಕ್ ತಂದೆ ಮಕ್ಕಳ ಚಿತ್ರಗಳೂ, ಉದ್ಯಮಿ ಕೇಜ್ರಿವಾಲರು ಕೊಟ್ಟ ಸಂಗ್ರಹವೂ ಒಳಗಿವೆ. ವರ್ಷದ ಉಳಿದ ದಿನಗಳಲ್ಲಿ ಕಲೆ ಆ ಕಟ್ಟಡದ ಒಳಗೇ ಇರುತ್ತದೆ. ಜನವರಿಯ ಒಂದು ಭಾನುವಾರ ಮಾತ್ರ ಅದು ಹೊರಗೆ ಬಂದು ಬೀದಿಯಲ್ಲಿ ಕೂರುತ್ತದೆ.

ಅಂದು ವಾಹನಗಳಿಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲ. ನೋಡುವವರಿಗೆ ಟಿಕೆಟ್ಟಿಲ್ಲ. ಮೊದಲೇ ಅರ್ಜಿ ಸಲ್ಲಿಸಿ ಜಾಗ ಪಡೆದ ಕಲಾವಿದರು, ಈಚಿನ ವರ್ಷಗಳಲ್ಲಿ ಸುಮಾರು ಸಾವಿರದೈನೂರು ಮಂದಿ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಂದ ಬಂದು ರಸ್ತೆಯ ಎರಡೂ ಬದಿಗೆ ತಮ್ಮ ಚಿತ್ರಗಳನ್ನು ಹರಡುತ್ತಾರೆ. ‘ಮನೆಗೊಂದು ಕಲಾಕೃತಿ’ ಎಂಬುದು ಸಂತೆಯ ಘೋಷಣೆ. ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷಗಳ ಬೆಲೆಯ ದೊಡ್ಡ ಕ್ಯಾನ್‌ವಾಸಿನವರೆಗೆ ಎಲ್ಲವೂ ಒಂದೇ ಬಿಸಿಲಿನಲ್ಲಿ ಕಾಯುತ್ತವೆ. 2021ರಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ಸಂತೆ ಅಂತರ್ಜಾಲದಲ್ಲಿ ನಡೆಯಿತು. ಮರುವರ್ಷ ಮಾರ್ಚ್ ತಿಂಗಳಿಗೆ ಸರಿಯಿತು. ಆದರೆ ಸಂತೆಯೆಂದ ಮೇಲೆ ಗದ್ದಲವಿರಬೇಕು, ಎಳನೀರಿನವನಿರಬೇಕು, ಕೈಹಿಡಿದು ಎಳೆಯುವ ಮಕ್ಕಳಿರಬೇಕು. 2025ರದು ಇಪ್ಪತ್ತೆರಡನೆಯ ಸಂತೆ. ಅದನ್ನು ಹೆಣ್ಣು ಮಗುವಿಗೆ ಅರ್ಪಿಸಿದ್ದರು.

ಬೆಳಿಗ್ಗೆ ಏಳಕ್ಕೆ ಸೀರೆಗಳು ಬಿಚ್ಚಿದವು. ಒಂದು ಪಕ್ಕದಲ್ಲಿ ಮೈಸೂರು ಶೈಲಿಯ ಕುಶಲಿಯೊಬ್ಬರು. ಸಫೇದವನ್ನೂ ಮಕ್ಕಿಯೆಂಬ ಹಳದಿ ಅಂಟನ್ನೂ ಅರೆದು, ಕುಂಚದ ತುದಿಯಿಂದ ಎಳೆ ಎಳೆಯಾಗಿ ಉಬ್ಬು ಕಟ್ಟಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವ ಕೆಲಸ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಗಾಜುಗಳ ವೈಭವ; ಮೈಸೂರಿನದರಲ್ಲಿ ಉಬ್ಬು ತೆಳು, ಬೆರಳಾಡಿಸಿದರೆ ಮಾತ್ರ ತಿಳಿಯುವಂಥದು. ಇನ್ನೊಂದು ಪಕ್ಕದಲ್ಲಿ ಧಾರವಾಡದ ಕಡೆಯ ಹಿರಿಯ ಹೆಂಗಸು, ಜಲವರ್ಣದಲ್ಲಿ ಹೂ ಎಲೆಗಳನ್ನು ಬರೆಯುವವರು.

ಒಂಬತ್ತರ ಹೊತ್ತಿಗೆ ಮೊದಲ ಗಿರಾಕಿ ಬಂದರು. ಜಲಾಶಯದ ಚಿತ್ರವನ್ನು ತೋರಿಸಿ ‘ಇದು ಎಷ್ಟಪ್ಪಾ?’ ಎಂದರು.

ಹಲಗೆ ಬರೆಯುವಾಗ ಅಡಿಗೆ ಇಷ್ಟೆಂದು ದರವಿತ್ತು. ಇದಕ್ಕೆ ಯಾವ ಅಡಿಯ ಲೆಕ್ಕ? ಹತ್ತೊಂಬತ್ತು ಸಂಜೆ ಕುಳಿತು ಬರೆದದ್ದು. ಬಟ್ಟೆ, ಬಣ್ಣ, ಚೌಕಟ್ಟಿಗೆ ಸಾವಿರದ ಎಂಟುನೂರು ತಗುಲಿತ್ತು. ಬಾಯಿಗೆ ಬಂದದ್ದು ‘ಎರಡು ಸಾವಿರ, ಸಾರ್.’

‘ಸಾವಿರದೈನೂರಕ್ಕೆ ಕೊಡು.’

ಆತ ತಲೆಯಾಡಿಸಿಬಿಟ್ಟ. ಚಿತ್ರ ಹೋಯಿತು. ಪಕ್ಕದ ಹಿರಿಯರು ಇದನ್ನೆಲ್ಲ ನೋಡುತ್ತಿದ್ದರು. ‘ತಮ್ಮಾ, ಅವರು ಕೇಳಿದ್ದು ತಪ್ಪಲ್ಲ. ಸಂತ್ಯಾಗ ಎಲ್ಲಾರೂ ಕೇಳತಾರ. ನೀ ಹೇಳೂದು ಕಲೀಬೇಕು. ರೇಟು ಬರದು ಹಚ್ಚು. ಬರದದ್ದನ್ನ ಹೊಡದು ಹಾಕೂದು ನಿನಗ ಮನಸ್ಸಾಗಾಂಗಿಲ್ಲ’ ಎಂದರು. ನಾಲ್ಕು ಲಿಪಿಗಳಲ್ಲಿ ಊರಿಗೆಲ್ಲ ಬೆಲೆಯ ಹಲಗೆ ಬರೆದುಕೊಟ್ಟವನು ತನಗಾಗಿ ಬೆಲೆಯ ಚೀಟಿ ಬರೆದದ್ದು ಅಂದೇ ಮೊದಲು. ಗಣಿಯ ದೊಡ್ಡ ಚಿತ್ರದ ಕೆಳಗೆ ‘6000’ ಎಂದು ಬರೆದು, ಅಳುಕಿನಿಂದ ಒಮ್ಮೆ ಅತ್ತಿತ್ತ ನೋಡಿದ.

ತೀರ್ಪುಗಾರರ ಹೊಸ್ತಿಲು ದಾಟಲಾರದ ಕಲಾವಿದರು ತಾವೇ ಬೀದಿಗಿಳಿದು ನಿಲ್ಲುವುದು ಹೊಸ ಸಂಗತಿಯೇನಲ್ಲ. 1884ರಲ್ಲಿ ಪ್ಯಾರಿಸ್ಸಿನ ಕಲಾವಿದರು ‘ತೀರ್ಪುಗಾರರೂ ಬೇಡ, ಬಹುಮಾನಗಳೂ ಬೇಡ’ ಎಂದು ಸಾರಿ ಸ್ವತಂತ್ರರ ಸಂಘ ಕಟ್ಟಿದರು. ಸುಂಕದ ಕಟ್ಟೆಯ ಗುಮಾಸ್ತ ಆನ್ರಿ ರೂಸೋ 1886ರಿಂದ ತನ್ನ ಚಿತ್ರಗಳನ್ನು ತೂಗುಹಾಕಿದ್ದು ಅವರ ಪ್ರದರ್ಶನದಲ್ಲಿಯೇ. ಜನ ನಕ್ಕರು, ಆತ ಬಿಡಲಿಲ್ಲ. ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ, ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಬಳಿಯೂ ಇಂಥದೇ ಬಯಲು ಪ್ರದರ್ಶನ ಆರಂಭವಾಯಿತು.

ಚಿತ್ರಸಂತೆಯಲ್ಲಿ ಎಲ್ಲವೂ ಸೊಗಸೆಂದರೆ ಸುಳ್ಳಾಗುತ್ತದೆ. ಹನ್ನೊಂದು ಗಂಟೆ ದಾಟಿತೆಂದರೆ ಜನಸಾಗರ. ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಲ್ಲುವ ಮಾತಿರಲಿ, ಹಿಂದಿನವರ ತಳ್ಳಾಟಕ್ಕೆ ಮುಂದೆ ಸಾಗಲೇಬೇಕು. ಬಹುಮಂದಿಗೆ ಚಿತ್ರವೆಂದರೆ ತಮ್ಮ ಮುಖದ ಹಿಂದೆ ಹಿಡಿಯತಕ್ಕ ಪರದೆ. ಮೊಬೈಲಿನಲ್ಲಿ ಕ್ಲಿಕ್ಕಿಸಿ ಹೊರಟುಬಿಡುತ್ತಾರೆ. ಬುದ್ಧ, ಗಣಪತಿ, ಓಡುವ ಕುದುರೆ, ಇವು ಬೇಗ ಹೋಗುತ್ತವೆ. ಹೋಗುವುದನ್ನು ಕಂಡ ಕಲಾವಿದ ಮುಂದಿನ ವರ್ಷ ಹತ್ತು ಬುದ್ಧರನ್ನು ಹೊತ್ತು ತಂದರೆ ಅವನನ್ನು ದೂರುವವರಾರು? ಆದರೂ ಸಂತೆಗೆ ಬಂದವರಲ್ಲಿ ಗ್ಯಾಲರಿಯ ಗಾಜಿನ ಬಾಗಿಲನ್ನು ಎಂದೂ ನೂಕಿ ನೋಡದವರೇ ಹೆಚ್ಚು. ಬಸ್ಸಿನ ಚಾಲಕರು, ದಾದಿಯರು, ಹೂ ಮಾರುವವರು, ಮಕ್ಕಳನ್ನು ಹೆಗಲೇರಿಸಿಕೊಂಡ ತಂದೆಯರು ಬರುತ್ತಾರೆ. ನೂರಾರು ರೂಪಾಯಿ ಕೊಟ್ಟು ಎದುರಿಗೆ ಕುಳಿತು ತಮ್ಮ ಭಾವಚಿತ್ರ ಬರೆಸಿಕೊಂಡು, ಅದನ್ನು ಪ್ರಸಾದದಂತೆ ಹಿಡಿದು ನಡೆಯುತ್ತಾರೆ. ಈ ಕಣ್ಣುಗಳನ್ನು ಕಲೆಗೆ ಬೇರೆ ಯಾರೂ ತಂದುಕೊಟ್ಟಿಲ್ಲ.

ಮೂರು ಗಂಟೆಯ ಸುಮಾರಿಗೆ ಅರವತ್ತು ದಾಟಿದ ಹೆಂಗಸೊಬ್ಬರು ಗಣಿಯ ಚಿತ್ರದ ಮುಂದೆ ನಿಂತರು. ನೆಲದಿಂದ ಮೇಲೆದ್ದ ಉಕ್ಕಿನ ಗೋಪುರ, ಅದರ ನೆತ್ತಿಯಲ್ಲಿ ತಿರುಗದೆ ನಿಂತ ಎರಡು ಚಕ್ರ, ಹಿಂದೆ ಗಣಿಯ ಕಸದಿಂದಲೇ ಬೆಳೆದ ಸಯನೈಡ್ ದಿಬ್ಬ. ಜನ ತಳ್ಳಿದರೂ ಅವರು ಕದಲಲಿಲ್ಲ.

‘ಇದು ಚಾಂಪಿಯನ್ ರೀಫ್ ಕಡೆಯದಲ್ವಾ?’ ಎಂದರು.

‘ಹೌದಮ್ಮ. ತಾವು ಅಲ್ಲಿಯವರೇ?’

‘ಅಪ್ಪ ಅಲ್ಲೇ ಇದ್ದರು, ಅಂಡರ್‌ಗ್ರೌಂಡು. ದಿಬ್ಬದ ಬಣ್ಣ ಇಷ್ಟು ಹಳದಿ ಇಲ್ಲಪ್ಪ. ಮಳೆ ಬಂದು ನಿಂತ ಮೇಲೆ ಹೀಗೆ ಕಾಣುತ್ತೆ. ಬೇಸಿಗೆಯಲ್ಲಿ ಬೆಳ್ಳಗೆ, ಕಣ್ಣಿಗೆ ಚುಚ್ಚುತ್ತೆ. ಗಾಳಿ ಬಂದರೆ ಮನೆಯೊಳಗೆಲ್ಲ ಧೂಳು.’

‘ಮಳೆಗಾಲದಲ್ಲಿಯೇ ಬರೆದದ್ದು ಅಮ್ಮ’ ಎಂದ ಚಿತ್ರಗಾರ. ಬೆಳಗಿನಿಂದ ಚಿತ್ರವನ್ನು ನಿಜವಾಗಿ ನೋಡಿದವರು ಇವರೊಬ್ಬರೇ ಎಂದು ಅವನಿಗೆ ಆಗ ಹೊಳೆಯಿತು.

ಅವರು ಚೀಟಿಯನ್ನು ನೋಡಿದರು. ಕೈಚೀಲ ತೆರೆದು, ಮತ್ತೆ ಮುಚ್ಚಿ, ಏನೂ ಹೇಳದೆ ಜನರ ನಡುವೆ ಸೇರಿಹೋದರು. ಆ ಮೇಲೆ ಬಂದ ಇಬ್ಬರು ನಾಲ್ಕು ಸಾವಿರಕ್ಕೆ ಕೇಳಿದರು. ಆತ ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಒಳಗೊಳಗೇ ಹೆದರಿದ. ಸಂಜೆ ಬಿಸಿಲು ಇಳಿಯುವಾಗ ಆ ಹೆಂಗಸು ತಮ್ಮನೊಡನೆ ಮರಳಿ ಬಂದರು. ಇಬ್ಬರೂ ತಮಿಳಿನಲ್ಲಿ ಮೆಲ್ಲನೆ ಏನೋ ಮಾತನಾಡಿಕೊಂಡರು. ತಮ್ಮ ಚಿತ್ರದೊಳಗಿನ ಚಕ್ರವನ್ನು ಬೆರಳಿನಿಂದ ತೋರಿಸಿ ಸುಮ್ಮನಾದರು. ಅಕ್ಕ ಮೂರು ಸಾವಿರ, ತಮ್ಮ ಮೂರು ಸಾವಿರ ಎಣಿಸಿಕೊಟ್ಟರು. ಚಿತ್ರ ಯಾರ ಮನೆಯಲ್ಲಿರಬೇಕೆಂಬ ವಾದವನ್ನು ರಸ್ತೆಯುದ್ದಕ್ಕೂ ಮುಂದುವರಿಸುತ್ತ ಹೋದರು.

ಕತ್ತಲಾಗುತ್ತಿದ್ದಂತೆ ದೊಡ್ಡ ಚಿತ್ರಗಳ ಕಟ್ಟುಗಳು ಆಟೋಗಳಿಗೆ ಏರಿದವು. ಬೂದಿಕೋಟೆಯ ಚಿತ್ರಗಾರನದು ಹನ್ನೊಂದರಲ್ಲಿ ನಾಲ್ಕು ಹೋಗಿ ಏಳು ಉಳಿದಿದ್ದವು. ಬಂಗಾರಪೇಟೆಯಲ್ಲಿ ಇಳಿದಾಗ ಊರಿನ ಕಡೆಯ ಬಸ್ಸು ಹೊರಟುಹೋಗಿತ್ತು. ಭಾವಮೈದುನ ಮೋಟರ್ ಸೈಕಲ್ ತರುವವರೆಗೆ ಆತ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತು, ಖಾಲಿಯಾದ ನಾಲ್ಕು ಸೀರೆಗಳನ್ನು ಮಡಿಸತೊಡಗಿದ.