ಮೊದಲ ಮೆಟ್ಟಿಲಲ್ಲೇ ಚಪ್ಪಲಿ ಕಿತ್ತೋದರೆ...

ಡಿಗ್ರಿ ಮುಗಿಸಿ ಎಂ.ಎ.ಗೆ ಸೇರುವ ಮುಂಚೆ ಏಳು ತಿಂಗಳು ನಮ್ಮ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿದೆ. ನಮ್ಮೂರು ಶ್ರೀನಿವಾಸಪುರದ ಕಡೆ. ಬೆಳಿಗ್ಗೆ ಆರರ ಶಿಫ್ಟಿಗೆ ಮೂರೂವರೆಗೇ ಏಳಬೇಕು. ನನಗಿಂತ ಮುಂಚೆ ಅಮ್ಮ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕೋಳು. ಲೈನಿನಲ್ಲಿ ನನ್ನ ಎಡಕ್ಕೆ ಮುಳಬಾಗಿಲಿನವಳು, ಬಲಕ್ಕೆ ಮಾಲೂರಿನವಳು.

ಒಂದು ದಿನ ನಮಗೆಲ್ಲ 'ಮೋಟಿವೇಶನ್ ಕ್ಲಾಸ್' ಇಟ್ಟರು. ಬಂದ ಸಾರ್ ಬೋರ್ಡ್ ಮೇಲೆ ಗೋಪುರ ಬರೆದರು. ಅಬ್ರಹಾಂ ಮ್ಯಾಸ್ಲೊ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1943ರಲ್ಲಿ ಹೇಳಿದ್ದಂತೆ. ಕೆಳಗೆ ಅನ್ನ, ನೀರು, ನಿದ್ದೆ. ಮೇಲೆ ಭದ್ರತೆ, ಆಮೇಲೆ ಸ್ನೇಹ, ಆಮೇಲೆ ಗೌರವ. ತುದಿಯಲ್ಲಿ, ನಮ್ಮೊಳಗಿನ ಶಕ್ತಿ ಪೂರ್ತಿ ಅರಳೋದು. "ನೀವೆಲ್ಲ ತುದಿಗೆ ಹತ್ತಬೇಕು" ಅಂದರು.

ಅವತ್ತು ತಾರೀಖು 14. ಸಂಬಳ ಇನ್ನೂ ಬಂದಿರಲಿಲ್ಲ. ಮುಳಬಾಗಿಲಿನವಳು ಪಿಸುಗುಟ್ಟಿದಳು: "ಮೊದಲ ಮೆಟ್ಟಿಲಲ್ಲೇ ನಮ್ಮ ಚಪ್ಪಲಿ ಕಿತ್ತೋಗಿದೆ, ಸಾರ್."

ನಗು ಬಂತು. ಆದರೆ ಮಾತು ನಿಜ. ಇಡೀ ಲೈನಿಗೆ ಶೌಚಾಲಯಕ್ಕೆ ಒಂದೇ ಟೋಕನ್. ಅದಕ್ಕೆ ನಾವು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ವಿ. ಕುಡಿಯುವ ನೀರು, ಶೌಚಾಲಯ ಕೊಡಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸಂಬಳ 7ರೊಳಗೆ, ಸಾವಿರಕ್ಕಿಂತ ಹೆಚ್ಚು ಜನರಿದ್ದರೆ 10ರೊಳಗೆ ಕೊಡಬೇಕು ಅಂತ 1936ರ ಕಾಯ್ದೆಯಲ್ಲಿತ್ತು. ನಮಗೆ ಯಾರೂ ಹೇಳಿರಲಿಲ್ಲ.

ಇದನ್ನು ಕಡೆಗಣಿಸಿದರೆ ಏನಾಗುತ್ತೆ ಅಂತ ಇಡೀ ದೇಶ ನಮ್ಮ ನರಸಾಪುರದಲ್ಲೇ ನೋಡಿತು. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಸ್ಫೋಟಿಸಿತು. ಗಾಜು ಒಡೆದವು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಹುಡುಗರು ಬಂಧನವಾದರು. ಒಡೆದಿದ್ದು ತಪ್ಪೇ. ಆದರೆ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಅಂತ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆಪಲ್ ಅದಕ್ಕೆ ಹೊಸ ಆರ್ಡರ್ ನಿಲ್ಲಿಸಿತು.

ಹಾಗಂತ ದುಡ್ಡೊಂದೇ ಸಾಲದು. ನಮ್ಮ ಲೈನಿಗೆ ಹೊಸದಾಗಿ ಬಂದ ಲೀಡರ್ ಅಕ್ಕ ನಂಬರ್ ಬಿಟ್ಟು ಹೆಸರು ಹಿಡಿದು ಕರೆದಳು. ಎರಡನೇ ಟೋಕನ್ ಕೇಳಿ ತಂದಳು. ಆಮೇಲೆ ಅವಳು "ಇವತ್ತು ಸ್ವಲ್ಪ ಕೆಲಸ ಜಾಸ್ತಿ ಇದೆ" ಅಂದರೆ ನಾವು ಮುಖ ಸಿಂಡರಿಸಲಿಲ್ಲ. ಭಾಷಣದಿಂದ ಬಾರದ ಹುರುಪು ಅಷ್ಟರಿಂದ ಬಂತು.

ನಿಮ್ಮ ಮನೆಯಿಂದಲೂ ಯಾರಾದರೂ ಕೆಲಸಕ್ಕೆ ಹೊರಟಿದ್ದರೆ ಸಂಬಳ ಎಷ್ಟು ಅಂತ ಕೇಳೋದರ ಜೊತೆಗೆ ಯಾವ ತಾರೀಖಿಗೆ, ಸ್ಲಿಪ್ ಕೊಡ್ತಾರಾ, ಗುತ್ತಿಗೆದಾರ ಯಾರು ಅಂತಲೂ ಕೇಳಿಸಿ. ಸ್ಲಿಪ್ಪಿನ ಫೋಟೋ ಫೋನಲ್ಲಿ ಇಟ್ಟುಕೊಳ್ಳಲಿ. ಗೋಪುರ ಹತ್ತೋದು ಆಮೇಲೆ. ಮೊದಲು ಕಾಲಿಡೋಕೆ ಮೆಟ್ಟಿಲು ಗಟ್ಟಿ ಇರಲಿ.